ಅಟ್ಟದ ಲೆಕ್ಕ, ಉಡುಪಿ ಹೋಟೆಲಿನ ಬಿಲ್ಲು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಯ ಮೇಲೊಂದು ಅಟ್ಟವಿದೆ. ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಮಳೆ ಜಡಿಯುತ್ತಿರುವಾಗ, ಅಲ್ಲಿಂದ ಮುಗ್ಗಲು ವಾಸನೆ ಬರುತ್ತಿದೆಯೆಂದು ಸ್ಟೂಲ್ ಹಾಕಿ ಹತ್ತಿದೆ. ಮೊದಲು ಕೈಗೆ ಸಿಕ್ಕಿದ್ದು ಟಿವಿಯ ಖಾಲಿ ರಟ್ಟಿನ ಪೆಟ್ಟಿಗೆ. ಆ ಟಿವಿ ಕೆಟ್ಟು, ಅದರ ಜಾಗಕ್ಕೆ ಇನ್ನೊಂದು ಬಂದು ನಾಲ್ಕು ವರ್ಷವಾಗಿದೆ. ಪೆಟ್ಟಿಗೆಯ ತಳ ನೆನೆದ ಹಪ್ಪಳದಂತೆ ಮೆತ್ತಗಾಗಿತ್ತು. ಎತ್ತಿದ ಕೂಡಲೇ ಬೆಳ್ಳಿಬಣ್ಣದ, ಬಾಲದಲ್ಲಿ ಮೂರು ಎಳೆಗಳಿರುವ ಹುಳುಗಳು ಮೀನಿನಂತೆ ಬಳುಕುತ್ತ ನಾಲ್ಕು ದಿಕ್ಕಿಗೆ ಓಡಿದವು.

ಅವುಗಳ ಪಾಲಿಗೆ ನಮ್ಮ ಅಟ್ಟ ಅನ್ನಛತ್ರ. ಕಾಗದ, ಪುಸ್ತಕದ ಬೆನ್ನಿಗೆ ಹಚ್ಚಿದ ಅಂಟು, ಬಟ್ಟೆಯ ಗಂಜಿ, ಎಲ್ಲವೂ ಅವುಗಳಿಗೆ ಊಟ. ಮುಂಬಯಿಯ ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ದಿನಗಟ್ಟಲೆ ಶೇಕಡ 80ರ ಮೇಲೆಯೇ ಇರುತ್ತದೆ. ಬೂಷ್ಟು ಬೆಳೆಯಲು ಶೇಕಡ 70 ದಾಟಿದರೆ ಸಾಕು. ರಟ್ಟು ಆ ತೇವವನ್ನು ಹೀರಿಕೊಳ್ಳುತ್ತದೆ. ಒತ್ತೊತ್ತಾಗಿ ಪೇರಿಸಿದ ಸಾಮಾನಿನ ನಡುವೆ ಗಾಳಿಯಾಡದ ಕಾರಣ ಅದು ಮತ್ತೆ ಒಣಗುವುದಿಲ್ಲ.

ಪೆಟ್ಟಿಗೆಯನ್ನು ಅಲ್ಲಿಟ್ಟವನು ನಾನೇ. ಇಡುವಾಗ ಆಡಿದ ಮಾತೂ ನೆನಪಿದೆ: "ಇರಲಿ, ಬೇಕಾದೀತು." ಮಳೆ ಬಂದೀತು, ಕೆಲಸ ಆದೀತು ಎನ್ನುವ ಈ ರೂಪಕ್ಕೆ ನಮ್ಮ ವ್ಯಾಕರಣದವರು ಸಂಭಾವನಾರ್ಥಕವೆಂದು ಹೆಸರಿಟ್ಟಿದ್ದಾರೆ. ಬೇಕು ಎಂದು ಹೇಳಿದ ಹಾಗೂ ಆಗಲಿಲ್ಲ, ಬೇಡ ಎಂದ ಹಾಗೂ ಆಗಲಿಲ್ಲ. ತೀರ್ಮಾನ ಇನ್ನೊಂದು ದಿನದ ತಲೆಗೆ ಬಿತ್ತು. ನಮ್ಮ ಅಟ್ಟವೆಲ್ಲ ಈ ಒಂದು ಕ್ರಿಯಾಪದದಿಂದ ತುಂಬಿಕೊಂಡಿದೆ.

ಮುಂಬಯಿ ಕನ್ನಡಿಗರಲ್ಲಿ ಇದಕ್ಕೊಂದು ಉಪಜಾತಿಯೂ ಉಂಟು: "ಊರಿಗೆ ಹೋಗುವಾಗ ಒಯ್ಯೋಣ." ಹಳೆಯ ಮಿಕ್ಸರ್, ಮಕ್ಕಳಿಗೆ ಗಿಡ್ಡವಾದ ಸ್ವೆಟರ್, ಒಂದು ಕಾಲು ಅಲುಗುವ ಕುರ್ಚಿ, ಎಲ್ಲವೂ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಲು ವರ್ಷಗಳಿಂದ ಕಾದಿರುತ್ತವೆ. ಒಂದೆರಡು ಹೇಗೋ ಕುಂದಾಪುರ ತಲುಪಿದರೆ ಅಲ್ಲಿ ಅಣ್ಣನ ಮನೆಯ ಅಟ್ಟವೇರಿ, "ಮುಂಬಯಿಯವರದ್ದು, ಮುಟ್ಟಬೇಡಿ" ಎಂಬ ಬಿರುದು ಹೊತ್ತು ಕೂರುತ್ತವೆ.

ಈ ರಾಶಿಗೊಂದು ಲೆಕ್ಕವಿದೆ. ಅದನ್ನು ಮನೆಗೆಂದು ಯಾರೂ ಮಾಡಿದ್ದಲ್ಲ. ಸರತಿ ಸಾಲುಗಳ ಗಣಿತದಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವದು. ಒಂದು ಜಾಗದಲ್ಲಿ ಸರಾಸರಿ ಎಷ್ಟು ಮಂದಿ ಇರುತ್ತಾರೆಂದು ತಿಳಿಯಬೇಕಾದರೆ, ಅವರು ಬರುವ ದರವನ್ನು ಒಬ್ಬೊಬ್ಬರು ಅಲ್ಲಿ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದರೆ ಆಯಿತು. ಯಾರು ಮೊದಲು ಬಂದರು, ಗುಂಪಾಗಿ ಬಂದರೋ ಒಬ್ಬೊಬ್ಬರಾಗಿಯೋ, ಸೂತ್ರಕ್ಕೆ ಅದರ ಗೊಡವೆಯಿಲ್ಲ.

ಭಾನುವಾರ ಬೆಳಗ್ಗೆ ಮಾಟುಂಗಾದ ಉಡುಪಿ ಹೋಟೆಲೊಂದಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮಿಷಕ್ಕೆ ಇಬ್ಬರು ಗಿರಾಕಿಗಳು ಬರುತ್ತಾರೆ, ಒಬ್ಬೊಬ್ಬರು 25 ನಿಮಿಷ ಕೂರುತ್ತಾರೆ ಎಂದುಕೊಳ್ಳಿ. ಒಳಗೆ ಯಾವಾಗ ನೋಡಿದರೂ ಸುಮಾರು 50 ಮಂದಿ ಇರುತ್ತಾರೆ. ಅದೇ ಜನ 40 ನಿಮಿಷ ಹರಟತೊಡಗಿದರೆ 80 ಕುರ್ಚಿ ಬೇಕು. ಇರುವುದು 50 ಆದರೆ ಹೊರಗಿನ ಸಾಲು ಬೆಳೆಯುತ್ತಲೇ ಹೋಗುತ್ತದೆ. ಗಲ್ಲಾದಲ್ಲಿ ಕೂತ ಮಾಲೀಕರು ಲಿಟಲ್ ಅವರ ಹೆಸರು ಕೇಳಿರಲಿಕ್ಕಿಲ್ಲ, ಆದರೂ ಸೂತ್ರ ಅವರಿಗೆ ಕರತಲಾಮಲಕ. ಕಾಫಿಯ ಕೊನೆಯ ಗುಟುಕು ಇನ್ನೂ ಲೋಟದಲ್ಲಿರುವಾಗಲೇ ಬಿಲ್ಲು ಸೋಂಪಿನ ತಟ್ಟೆಯ ಕೆಳಗೆ ಬಂದು ಬಿದ್ದಿರುತ್ತದೆ. ಮೇಜು ಒರೆಸುವ ಹುಡುಗನ ಒದ್ದೆ ಬಟ್ಟೆ ನಿಮ್ಮ ಮೊಣಕೈಯವರೆಗೆ ಬಂದು ವಿನಯದಿಂದ ನಿಲ್ಲುತ್ತದೆ. ಬರುವವರನ್ನು ಯಾರೂ ತಡೆಯುವುದಿಲ್ಲ. ಕೂತವರು ಮಾತ್ರ ಏಳುತ್ತಾರೆ.

ಈಗ ಗಿರಾಕಿಯ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿಯನ್ನು ಕೂರಿಸಿ. ಹೊರಗಿನಿಂದ ತರಿಸಿದ ಊಟದ ಜೊತೆ ವಾರಕ್ಕೊಂದು ಬರುತ್ತದೆ ಎನ್ನಿ. ತೊಳೆದು ಒರೆಸಿ ಮೇಲಿಟ್ಟದ್ದು ಸರಾಸರಿ ಮೂರು ವರ್ಷ ಉಳಿಯುತ್ತದೆ. ವರ್ಷಕ್ಕೆ 52ರಂತೆ 156 ಡಬ್ಬಿಗಳು. ಇದು ಅತಿಯಾಯಿತು ಎಂದು ನನಗೂ ಅನಿಸಿತ್ತು, ಹಾಗಾಗಿ ಎಣಿಸಿದೆ. ಡಬ್ಬಿಗಳು 97 ಸಿಕ್ಕಿದವು. ಮುಚ್ಚಳಗಳು 131. ಉಳಿದ ಡಬ್ಬಿಗಳು ಎಲ್ಲಿ ಹೋದವೆಂಬುದು ವಿಜ್ಞಾನಕ್ಕೆ ನಿಲುಕುವ ವಿಷಯವಲ್ಲ.

ದೀಪಾವಳಿಗೆ ಮುನ್ನ ಮನೆಮಂದಿಯೆಲ್ಲ ಸೇರಿ ಮಾಡುವ ಮಹಾಸ್ವಚ್ಛತೆಯ ಫಲ ಯಾಕೆ ಬಾಳುವುದಿಲ್ಲ ಎಂಬುದೂ ಈ ಗುಣಾಕಾರದಲ್ಲಿಯೇ ಇದೆ. ಆ ದಿನ ಇಳಿಯುವುದು ಸಂಖ್ಯೆ ಮಾತ್ರ. ಬರುವ ದರ, ಉಳಿಯುವ ಕಾಲ ಎರಡೂ ಹಿಂದಿನಂತೆಯೇ ಇದ್ದರೆ ರಾಶಿ ಮೆಲ್ಲಗೆ ತನ್ನ ಹಳೆಯ ಮಟ್ಟಕ್ಕೆ ಮರಳುತ್ತದೆ. ಸೂತ್ರಕ್ಕೆ ಒಂದು ಷರತ್ತೂ ಇದೆ: ಒಳಗೆ ಬಂದದ್ದು ಎಂದಾದರೂ ಹೊರಗೆ ಹೋಗಬೇಕು. "ಬೇಕಾದೀತು" ಅದನ್ನೇ ಮುರಿಯುತ್ತದೆ. ಆಮೇಲೆ ರಾಶಿಗೆ ಮಟ್ಟವೆಂಬುದೇ ಇಲ್ಲ, ಸೂರು ತಾಗುವವರೆಗೆ ಏರುತ್ತದೆ.

ಹೊರಗೆ ಕಳಿಸಲು ಕೈ ಬಾರದಿರುವುದಕ್ಕೂ ಕಾರಣವಿದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್, ಅರ್ಥಶಾಸ್ತ್ರಜ್ಞರಾದ ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿಯ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುವಿರಿ ಎಂದು ಕೇಳಿದರು. ಮಗ್ ಕೈಗೆ ಬಂದು ಇನ್ನೂ ಬಿಸಿಯಾಗಿರಲಿಲ್ಲ, ಆಗಲೇ ಅದರ ಒಡೆಯರು ಹೇಳಿದ ಬೆಲೆ ಕೊಳ್ಳುವವರದ್ದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ನಮ್ಮದಾದ ಕ್ಷಣದಿಂದ ವಸ್ತುವಿನ ತೂಕ ಏರುತ್ತದೆ. ಬಿಟ್ಟುಕೊಡುವುದು ನಷ್ಟವೆಂದು ಮನಸ್ಸು ಬಗೆಯುತ್ತದೆ. ಒಂದೇ ದಿನ ಅಟ್ಟವನ್ನೆಲ್ಲ ಕೆಳಗಿಳಿಸಿ ಕೂತರೆ ಇಂಥ ನಷ್ಟಗಳನ್ನು ನೂರು ಸಲ ಅನುಭವಿಸಬೇಕು. ಹತ್ತನೆಯದರ ಹೊತ್ತಿಗೆ ಜಗಳ, ಇಪ್ಪತ್ತನೆಯದಕ್ಕೆ ಚಹಾ, ಆಮೇಲೆ ಎಲ್ಲವೂ ವಾಪಸ್ ಮೇಲಕ್ಕೆ. ದಿನಕ್ಕೆ ಒಂದೇ ಆದರೆ ನೋವು ಸೊಳ್ಳೆ ಕಡಿದಷ್ಟು.

ಆದರೆ ದಿನವೂ ನೆನಪಿಡುವವರು ಯಾರು? ನನ್ನ ಸೋದರಮಾವ ವರ್ಲಿಯ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳಿನಲ್ಲಿದ್ದರು. 1920ರ ದಶಕದಲ್ಲಿ ಕಟ್ಟಿದ ಆ ಚಾಳುಗಳಲ್ಲಿ ಒಂದು ಸಂಸಾರಕ್ಕೆ 160 ಚದರ ಅಡಿಯ ಒಂದು ಕೋಣೆ. ರಾತ್ರಿ ಹಾಸಿದ ಹಾಸಿಗೆ ಸುತ್ತಿ ಮೂಲೆಗೆ ಸೇರದ ಹೊರತು ಬೆಳಗ್ಗೆ ಸ್ಟೌ ಹಚ್ಚಲು ಅತ್ತೆಗೆ ಜಾಗವೇ ಇರುತ್ತಿರಲಿಲ್ಲ. ಅಲ್ಲಿ ಶಿಸ್ತಿನ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಚಹಾ ಬೇಕಾದರೆ ಹಾಸಿಗೆ ಸುತ್ತಬೇಕು, ಅಷ್ಟೇ.

ಅಭ್ಯಾಸದ ವಿಜ್ಞಾನ ಹುಡುಕುವುದೂ ಒಂದು ಕೆಲಸವನ್ನು ಇನ್ನೊಂದಕ್ಕೆ ಕಟ್ಟುವ ಇಂಥ ಗಂಟನ್ನೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆ್ಯನ್ ಗ್ರೇಬಿಯಲ್ ಅವರ ತಂಡ ದಾರಿ ಕಲಿಯುವ ಇಲಿಗಳ ಮಿದುಳಿನ ಆಳದ ನರಕೋಶಗಳನ್ನು ಆಲಿಸಿತು. ಕಲಿಯುವಾಗ ಅವು ದಾರಿಯುದ್ದಕ್ಕೂ ಮಿಡಿಯುತ್ತಿದ್ದವು. ರೂಢಿಯಾದ ಮೇಲೆ ಹೊರಡುವಾಗ, ಮುಟ್ಟುವಾಗ ಮಾತ್ರ ಜೋರು; ಹೊರಡುವ ಸೂಚನೆ ಸಿಕ್ಕರೆ ನಡುವಿನದ್ದು ತಾನಾಗಿ ಸಾಗುತ್ತದೆ ಎಂಬಂತೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. "ಬೆಳಗಿನ ತಿಂಡಿಯಾದ ಮೇಲೆ" ಎಂಬಂಥ ಒಂದು ನಿಶ್ಚಿತ ಸೂಚನೆಗೆ ಒಂದು ಸಣ್ಣ ಕೆಲಸವನ್ನು ಕಟ್ಟಿಕೊಂಡು ದಿನವೂ ಮಾಡುವುದು ಅವರ ಪಾಲಿನ ಕೆಲಸ. ಯೋಚಿಸದೆ ಆಗುವ ಮಟ್ಟಕ್ಕೆ ಅದು ಬರಲು ಹಿಡಿದ ಕಾಲದ ನಡುಬೆಲೆ, ಅಂದರೆ ಅರ್ಧ ಮಂದಿಗೆ ಅದಕ್ಕಿಂತ ಕಡಿಮೆ, ಅರ್ಧ ಮಂದಿಗೆ ಹೆಚ್ಚು ಹಿಡಿದ ಲೆಕ್ಕ, 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ ರೇಖೆ ಎಳೆದು ಅಂದಾಜಿಸಿದಂತೆ 254. 21 ದಿನದಲ್ಲಿ ಅಭ್ಯಾಸ ಅಂಟುತ್ತದೆ ಎನ್ನುವವರ ಮಾತನ್ನು ಇನ್ನು ಕಿವಿಗೆ ಹಾಕಿಕೊಳ್ಳಬೇಕಿಲ್ಲ. ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಕಲಿಕೆ ಕೆಡುವುದಿಲ್ಲ. ಒಂದು ದಿನ ಯಾರದ್ದೋ ಮದುವೆ ಮುಗಿಸಿ ಬಂದು ಮತ್ತೆ ಹಿಡಿಯಬಹುದು.

ನನಗೆ ಸಿಕ್ಕ ಸೂಚನೆ ಕಸದವನ ಗಂಟೆ. ಬೆಳಗ್ಗೆ ಎಂಟೂಕಾಲಿಗೆ ಅವನು ನಾಲ್ಕನೆಯ ಮಹಡಿಯಿಂದ ಗಂಟೆ ಒತ್ತುತ್ತ ಇಳಿಯುತ್ತಾನೆ, ನಮ್ಮದು ಎರಡನೆಯದು. ಆ ಎರಡು ಮಹಡಿಯ ಅವಧಿಯಲ್ಲಿ ಒಂದು ವಸ್ತು ಒಣಕಸದ ಬುಟ್ಟಿಗೆ, ಇಲ್ಲವೇ ಬಾಗಿಲ ಬಳಿಯ ಭಂಗಾರದ, ಅಂದರೆ ಗುಜರಿಯ, ಚೀಲಕ್ಕೆ ಬೀಳಬೇಕು. ಒಂದೇ. ಎರಡಕ್ಕೆ ಆಸೆಪಟ್ಟರೆ "ಬೇಕಾದೀತು" ಬಾಯಿಗೆ ಬರುತ್ತದೆ. ಕೀಲಿಯಿಲ್ಲದ ಬೀಗ, ಮೂರು ಫೋನುಗಳ ಹಿಂದಿನ ಚಾರ್ಜರ್, ಹೋಗಿಬಂದ ಮದುವೆಗಳ ಕರೆಯೋಲೆ ಹೀಗೆ ಹೋದವು. ಹೂವಿನ ಪುಡಿಕೆಗಳ ದಾರವನ್ನು ನನ್ನ ತಾಯಿ ವರ್ಷಗಟ್ಟಲೆ ಸುತ್ತಿಟ್ಟ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆಯನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಒಳಗಿಟ್ಟೆ. ಅದಕ್ಕೆ ಸೂತ್ರ ಅನ್ವಯಿಸುವುದಿಲ್ಲವೆಂದು ಹೆಂಡತಿಯೂ ಒಪ್ಪಿದ್ದಾಳೆ.

ತಿಂಗಳ ಕೊನೆಯ ಶನಿವಾರ ರದ್ದಿಯವನು ತಕ್ಕಡಿ ಹಿಡಿದು ಬಂದ. ರಟ್ಟು, ಪತ್ರಿಕೆ, 97 ಡಬ್ಬಿಗಳನ್ನು ತೂಗಿದ. ಮುಚ್ಚಳದ ಚೀಲವನ್ನು ಎತ್ತಿ ನೋಡಿ, "ಇದು ಬೇರೆ ಪ್ಲಾಸ್ಟಿಕ್, ಮುಂದಿನ ಸಲ ನೋಡೋಣ" ಎಂದು ಕೆಳಗಿಟ್ಟು ಹೋದ. ಚೀಲ ಈಗ ಸೋಫಾದ ಅಡಿಯಲ್ಲಿದೆ. ಅಲ್ಲಿ ಅದಕ್ಕೆ ಇವತ್ತಿಗೆ ಹತ್ತೊಂಬತ್ತನೆಯ ದಿನ.