ವಿ.ಟಿ. ನಿಲ್ದಾಣದ ಕುಣಿತ, ವಿಮರ್ಶಕರ ಮುನಿಸು

ಮುಂಬೈಯ ಹಳೆಯ ಕನ್ನಡಿಗರ ಬಾಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ ಇಂದಿಗೂ ವಿ.ಟಿ.ಯೇ, ಅಂದರೆ ಹಳೆಯ ವಿಕ್ಟೋರಿಯಾ ಟರ್ಮಿನಸ್. ಕೊಳೆಗೇರಿಯ ಹುಡುಗ ಜಮಾಲ್ ಟಿ.ವಿ. ರಸಪ್ರಶ್ನೆಯಲ್ಲಿ ಕೋಟಿ ಗೆಲ್ಲುವ ಕಥೆಯ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರ ಮುಗಿಯುವುದು ಅಲ್ಲಿನ ಪ್ಲಾಟ್‌ಫಾರ್ಮಿನ ಮೇಲೆ, ‘ಜೈ ಹೋ’ ಕುಣಿತದೊಂದಿಗೆ. ಚಿತ್ರ ಇಲ್ಲಿ ತೆರೆಕಂಡದ್ದು 2009ರ ಜನವರಿ 23ರಂದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅದೇ ನಿಲ್ದಾಣದಲ್ಲಿ ಉಗ್ರರ ಗುಂಡಿಗೆ ಐವತ್ತಕ್ಕೂ ಹೆಚ್ಚು ಮಂದಿ ಬಲಿಯಾಗಿದ್ದರು. ಹೊರದೇಶದ ಪ್ರೇಕ್ಷಕರನ್ನು ಹುರುಪಿನಿಂದ ಮನೆಗೆ ಕಳುಹಿಸಿದ ಆ ಹಾಡು ಈ ಊರಿನವರ ಕಣ್ಣಿಗೆ ಬೇರೆಯೇ ಆಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಚಿತ್ರಮಂದಿರ ಕಾಣುವುದೇ ಅನುಮಾನವಾಗಿದ್ದ ಚಿತ್ರವಿದು. 2008ರ ಮೇ ತಿಂಗಳಲ್ಲಿ ವಾರ್ನರ್ ಸಂಸ್ಥೆ, ಇದನ್ನು ಬಿಡುಗಡೆ ಮಾಡಬೇಕಿದ್ದ ತನ್ನ ಸ್ವತಂತ್ರ ಚಿತ್ರಗಳ ವಿಭಾಗಕ್ಕೆ ಬೀಗ ಹಾಕಿತು. ಸುಮಾರು ಒಂದೂವರೆ ಕೋಟಿ ಡಾಲರ್ ವೆಚ್ಚದ ಚಿತ್ರ ನೇರವಾಗಿ ಡಿವಿಡಿಗೆ ಇಳಿಯುವುದರಲ್ಲಿತ್ತು. ಫಾಕ್ಸ್ ಸರ್ಚ್‌ಲೈಟ್ ಕೈಹಿಡಿಯಿತು, ಟೊರೊಂಟೊ ಉತ್ಸವದ ಪ್ರೇಕ್ಷಕರು ತಮ್ಮ ಪ್ರಶಸ್ತಿ ಕೊಟ್ಟರು, ಮುಂದೆ ಎಂಟು ಆಸ್ಕರ್‌ಗಳು ಬಂದವು. ಅದರಲ್ಲೊಂದು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಧ್ವನಿ ತಂತ್ರಜ್ಞ ರಸೂಲ್ ಪೂಕುಟ್ಟಿಯವರ ಪಾಲಿಗೆ.

ವಿಮರ್ಶಕರು ಮಾತ್ರ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಅಮೆರಿಕದ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ಲಂಡನ್ನಿನ ‘ದಿ ಟೈಮ್ಸ್’ನ ಅಂಕಣವೊಂದು ಇದನ್ನು ಬಡತನದ ಅಶ್ಲೀಲ ಪ್ರದರ್ಶನವೆಂದು ಜರೆಯಿತು. ಕಥೆಯಲ್ಲಿ ಅಸಂಭವದ ಮೇಲೆ ಅಸಂಭವ ಪೇರಿಸಲಾಗಿದೆ ಎಂಬುದು ಸಲ್ಮಾನ್ ರಶ್ದಿಯವರ ತಕರಾರು. ಅಮಿತಾಭ್ ಬಚ್ಚನ್ ಅವರ ಬ್ಲಾಗಿನಲ್ಲಿ ಬಂದ ಟೀಕೆಯ ಮಾತುಗಳೂ ಸುದ್ದಿಯಾದವು. ತಾವು ಓದುಗರ ಅಭಿಪ್ರಾಯಗಳನ್ನಷ್ಟೇ ಮುಂದಿಟ್ಟದ್ದು ಎಂದು ಅವರು ಸಮಜಾಯಿಷಿ ಕೊಟ್ಟರು. (ಚಿತ್ರದ ಪುಟ್ಟ ಜಮಾಲ್ ಮಲದ ಗುಂಡಿಗೆ ಹಾರುವುದು ಇದೇ ಬಚ್ಚನ್ ಹಸ್ತಾಕ್ಷರಕ್ಕಾಗಿ!) ‘ಬಡತನ ಮಾರುತ್ತಾರೆ’ ಎಂಬ ದೂರು ಹೊಸತೇನಲ್ಲ. 1980ರ ಸುಮಾರಿಗೆ ರಾಜ್ಯಸಭಾ ಸದಸ್ಯೆಯಾಗಿದ್ದ ನರ್ಗೀಸ್ ಅದನ್ನೇ ಸತ್ಯಜಿತ್ ರೇ ಅವರ ಮೇಲೆ ಹೊರಿಸಿದ್ದರು.

ನನ್ನ ಮಟ್ಟಿಗೆ ಈ ಜಗಳ ತಪ್ಪು ಜಾಗದಲ್ಲಿ ನಡೆಯಿತು. ಚಿತ್ರಕ್ಕೆ ಮೂಲವಾದ ವಿಕಾಸ್ ಸ್ವರೂಪ್ ಅವರ 2005ರ ಕಾದಂಬರಿಯಲ್ಲಿ ನಾಯಕ ರಾಮ್ ಮೊಹಮ್ಮದ್ ಥಾಮಸ್, ಸಲೀಂ ಅವನ ಗೆಳೆಯ. ಚಿತ್ರಕಥೆ ನಾಯಕನನ್ನು ಜಮಾಲ್ ಮಲಿಕ್ ಆಗಿಸಿ, ಸಲೀಂನನ್ನು ಅವನ ಒಡಹುಟ್ಟಿದ ಅಣ್ಣನಾಗಿಸಿತು. ಒಬ್ಬ ಒಳ್ಳೆಯವನು, ಇನ್ನೊಬ್ಬ ದಾರಿ ತಪ್ಪಿದವನು: 1975ರ ‘ದೀವಾರ್’ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರು ಕೊಳೆಗೇರಿಯನ್ನು ನೋಡಿ ಬೆಚ್ಚಿದರು. ನಮಗೆ ಕಂಡದ್ದು ಹಳೆಯ ಹಿಂದಿ ಸಿನಿಮಾ.

ಇಂಥ ಕಥೆ ಮುಂಬೈ ಕನ್ನಡಿಗರ ಮನೆಯಲ್ಲೂ ಇದೆ. ಕರಾವಳಿಯಿಂದ ಬಂದ ಹುಡುಗ ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕೂತ ಕಥೆ. ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಇದನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ. ಸುಳ್ಳು ಕಥೆಯೇನಲ್ಲ. ಆದರೆ ಅದೇ ಮೋರಿಯ ಪಕ್ಕದಲ್ಲಿ ಕೂತು ತೊಳೆದ ಇನ್ನೊಬ್ಬ ಹುಡುಗನ ಫೋಟೊ ಆ ಪುಟಗಳಲ್ಲಿ ಇರುವುದಿಲ್ಲ.

ಭಾವುಕತೆಯನ್ನು ದೂರಲು ನನಗೆ ಮನಸ್ಸಿಲ್ಲ. ಅದರ ಎಣಿಕೆಯ ಮೇಲೆ ಮಾತ್ರ ಅನುಮಾನ. ತಮ್ಮ ಜಮಾಲ್ ಎರಡು ಕೋಟಿ ರೂಪಾಯಿ ಗೆಲ್ಲುವ ಹೊತ್ತಿಗೆ ಅಣ್ಣ ಸಲೀಂ ನೋಟು ತುಂಬಿದ ಸ್ನಾನದ ತೊಟ್ಟಿಯಲ್ಲಿ ಗುಂಡು ತಿಂದು ಸಾಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ವಿ.ಟಿ.ಯಲ್ಲಿ ಕುಣಿತ ಶುರುವಾಗುತ್ತದೆ.