ಸಂತೆಮಾಳಕ್ಕೆ ಐದು ಫೈಲು

“ಸಾರ್, ಅಕೌಂಟಲ್ಲಿ ದುಡ್ಡಿದೆ ಅಂತೀರಿ. ಸಂತೆಮಾಳಕ್ಕೆ ದುಡ್ಡಿಲ್ಲ ಅಂತೀರಿ. ಯಾವ್ದು ನಿಜ?”

ಹೊಸದಾಗಿ ಗೆದ್ದು ಬಂದಿದ್ದ ಗ್ರಾಮ ಪಂಚಾಯಿತಿ ಅಧ್ಯಕ್ಷರು ಕೇಳಿದ್ದು. ನಾನು ಅಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಎರಡೂ ನಿಜ ಮೇಡಂ, ಅಂದೆ. ಪಿಡಿಒ ಏನೋ ಮುಚ್ಚಿಡುತ್ತಿದ್ದಾನೆ ಅಂದುಕೊಂಡರು ಅಂತ ಅವರ ಮುಖ ನೋಡಿದಾಗಲೇ ಗೊತ್ತಾಯಿತು. ಕಾರ್ಯದರ್ಶಿಯಾಗಿ ಸೇರಿ ಪಿಡಿಒ ಆಗಿ ನಿವೃತ್ತನಾಗುವವರೆಗೆ ಇಂಥ ನೋಟ ನನಗೆ ಅಭ್ಯಾಸವಾಗಿಹೋಗಿತ್ತು.

ಊರು ಹೋಬಳಿ ಕೇಂದ್ರ. ಮಂಗಳವಾರ ಸಂತೆ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಸಂತೆ ಮಾಳ ಬಿಟ್ಟು ರಸ್ತೆಗೆ ಬಂದಿತ್ತು. ಒಂದು ಮಳೆ ಬಿದ್ದರೆ ಮಾಳದಲ್ಲಿ ಮೊಣಕಾಲುದ್ದ ಕೆಸರು. ಸೊಪ್ಪು ಮಾರುವವರು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಗೋಣಿತಾಟು ಹಾಸಿ ಕೂರುತ್ತಿದ್ದರು, ಬಸ್ಸು ಹಿಂದಕ್ಕೆ ಬಂದಾಗಲೆಲ್ಲ ತಾಟು ಸುತ್ತಿಕೊಂಡು ಏಳುತ್ತಿದ್ದರು. ಸಂತೆ ಸೊರಗಿದ ಮೇಲೆ ಕಬ್ಬಿಣದ ಸಾಮಾನಿನ ಅಂಗಡಿ ಮುಚ್ಚಿತು, ಆಮೇಲೆ ಟೈಲರು, ಆಮೇಲೆ ಎರಡು ಹೋಟೆಲು. ಸಂತೆ ಎದ್ದರೆ ಊರು ಎದ್ದೀತು ಅನ್ನುವುದು ಅಧ್ಯಕ್ಷರ ಲೆಕ್ಕ. ತಪ್ಪೇನಿರಲಿಲ್ಲ.

ತೊಡಕಿದ್ದದ್ದು ದುಡ್ಡಿಗೆ ಹಚ್ಚಿ ಕಳಿಸುವ ಚೀಟಿಯಲ್ಲಿ. ಪಂಚಾಯಿತಿಗೆ ಬರುವ ಪ್ರತಿ ರೂಪಾಯಿಯ ಬೆನ್ನ ಮೇಲೂ ‘ಇಂಥದ್ದಕ್ಕೆ ಮಾತ್ರ’ ಎಂಬ ಚೀಟಿ ಇರುತ್ತದೆ. ಕೇಂದ್ರದ ದುಡ್ಡು ರಾಜ್ಯಗಳಿಗೆ, ಪಂಚಾಯಿತಿಗಳಿಗೆ ಎಷ್ಟು ಹೋಗಬೇಕೆಂದು ಹೇಳುವ ಹಣಕಾಸು ಆಯೋಗವಿದೆಯಲ್ಲ, ಅದರ 15ನೆಯದನ್ನೇ ತೆಗೆದುಕೊಳ್ಳಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ಅದು ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ ಅನುದಾನ 2,36,805 ಕೋಟಿ ರೂಪಾಯಿ. ಕೇಳಲು ದೊಡ್ಡದು. ಆದರೆ ಅದರಲ್ಲಿ 100 ರೂಪಾಯಿ ಕೈಗೆ ಬಂತು ಅಂದರೆ 30 ರೂಪಾಯಿ ನೈರ್ಮಲ್ಯಕ್ಕೆ, 30 ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಇವೆರಡೂ ನಿರ್ಬಂಧಿತ ಅನುದಾನ. ಒಂದರಲ್ಲಿ ಊರಿನ ಕೆಲಸವೆಲ್ಲ ಮುಗಿದಿದೆ ಎಂದಾದರೆ ಇನ್ನೊಂದಕ್ಕೆ ಬಳಸಬಹುದಿತ್ತು, ಅಷ್ಟೇ ಸಡಿಲ. ಉಳಿದ 40 ರೂಪಾಯಿ ಮಾತ್ರ ಊರಿನ ಅಗತ್ಯ ನೋಡಿ ಖರ್ಚು ಮಾಡುವಂಥದ್ದು, ಅದರಲ್ಲೂ ಸಂಬಳ, ಕಚೇರಿ ಖರ್ಚಿಗೆ ಬಿಡಿಗಾಸು ಮುಟ್ಟುವಂತಿರಲಿಲ್ಲ. ಕಾಮಗಾರಿ ಕ್ರಿಯಾಯೋಜನೆಯಲ್ಲಿ ಸೇರಿ ಇ-ಗ್ರಾಮ್ ಸ್ವರಾಜ್ ತಂತ್ರಾಂಶಕ್ಕೆ ಏರಿರಬೇಕು. ಅಲ್ಲಿಲ್ಲದ ಕೆಲಸಕ್ಕೆ ಬಿಲ್ ಆಗುವುದಿಲ್ಲ. ಗ್ರಾಮಸಭೆಯಲ್ಲಿ ಹೆಸರಿಗೆ ಕೈ ಎತ್ತಿ ಎದ್ದುಹೋದ ಊರುಗಳು ಆಮೇಲೆ ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಹಾಗಾಗಿ ‘ಸಂತೆಮಾಳದ ಅಭಿವೃದ್ಧಿ’ ಎಂದು ಒಂದೇ ಎಸ್ಟಿಮೇಟ್ ಮಾಡಿಸಿದರೆ ಯಾವ ಅನುದಾನದಲ್ಲೂ ಅದು ಪೂರ್ತಿ ಕೂರುವುದಿಲ್ಲ. ನಾವು ಅದನ್ನು ಐದು ಫೈಲಾಗಿ ಒಡೆದೆವು.

ಕಟ್ಟೆಗಳು ಉದ್ಯೋಗ ಖಾತ್ರಿಯಲ್ಲಿ. ಅಲ್ಲಿ ಕೂಲಿ ಮತ್ತು ಸಾಮಗ್ರಿ 60:40ರ ಅನುಪಾತ ಕಾಯಬೇಕಿತ್ತು. ಕಲ್ಲು, ಸಿಮೆಂಟಿನ ಕೆಲಸದಲ್ಲಿ ಸಾಮಗ್ರಿಯ ಪಾಲು ಏರುತ್ತದೆ, ಅದನ್ನು ತೂಗಿಸಲು ಅದೇ ವರ್ಷ ಹೊಲದ ಬದು, ಕೆರೆ ಹೂಳಿನಂಥ ಕೂಲಿ ಕೆಲಸ ಹೆಚ್ಚಿಗೆ ಹಿಡಿದೆವು. ಶೌಚಾಲಯ ಮತ್ತು ಕಸದ ತೊಟ್ಟಿ ನೈರ್ಮಲ್ಯದ 30ರಲ್ಲಿ. ನಲ್ಲಿ, ಜೊತೆಗೆ ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿ ನೀರಿನ 30ರಲ್ಲಿ. ಶೀಟಿನ ಚಾವಣಿ ಮತ್ತು ದೀಪಕ್ಕೆ ಅನಿರ್ಬಂಧಿತ 40.

ಐದನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಮಾಳದ ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು ಮಾಡುವುದು. ಎರಡು ಮೂಲೆಯಲ್ಲಿ ಒತ್ತುವರಿಯಾಗಿತ್ತು. ಪಹಣಿ ತೆಗೆಸಿ, ಅಳತೆಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸರ್ವೆಯವರು ಸರಪಳಿ ಹಿಡಿದು ಬರುವವರೆಗೆ ಕಾಯಬೇಕು. ಇದಕ್ಕೆ ಯಾವ ಯೋಜನೆಯೂ ದುಡ್ಡು ಕೊಡುವುದಿಲ್ಲ. ಮನೆ ಕಂದಾಯ ವಸೂಲಿಯ ಸ್ವಂತ ಹಣದಲ್ಲೇ ಆಗಬೇಕು. ಕಂದಾಯ ಕೇಳಲು ಹೋದರೆ ಮುಂದಿನ ಚುನಾವಣೆಯಲ್ಲಿ ಓಟು ಹೋಗುತ್ತದೆ ಎಂದು ಸದಸ್ಯರು ಹಿಂದೆ ಸರಿಯುತ್ತಾರೆ. ಲಕ್ಷಗಟ್ಟಲೆ ಅನುದಾನ ಬಿದ್ದುಕೊಂಡಿದ್ದು, ನಾಲ್ಕು ಸಾವಿರ ರೂಪಾಯಿ ಇಲ್ಲದೆ ಕೆಲಸ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಬೇರೆ ಬೇರೆ ಯೋಜನೆಯ ದುಡ್ಡನ್ನು ಒಂದೇ ಜಾಗಕ್ಕೆ ತರುವುದಕ್ಕೆ ಸರ್ಕಾರಿ ಭಾಷೆಯಲ್ಲಿ ‘ಒಗ್ಗೂಡಿಸುವಿಕೆ’ ಎನ್ನುತ್ತಾರೆ. 2016ರ ಫೆಬ್ರವರಿಯಲ್ಲಿ ಶುರುವಾದ ಶ್ಯಾಮಪ್ರಸಾದ್ ಮುಖರ್ಜಿ ರುರ್ಬನ್ ಮಿಷನ್ ನಿಂತಿದ್ದೇ ಇದರ ಮೇಲೆ. ಹಳ್ಳಿಗಳ ಗುಂಪುಗಳನ್ನು ಆರಿಸಿ ಪಟ್ಟಣದ ಸೌಲಭ್ಯ ಕೊಡುವುದು, ದೇಶದಲ್ಲಿ 300 ಗುಂಪು. ಮಿಷನ್‌ನಿಂದ ಬರುತ್ತಿದ್ದ ವಿಶೇಷ ಹಣ ಒಟ್ಟು ವೆಚ್ಚದ ಶೇ. 30 ಮಾತ್ರ, ಅದೂ ಬಯಲು ಪ್ರದೇಶದ ಬುಡಕಟ್ಟೇತರ ಗುಂಪಿಗೆ ಹೆಚ್ಚೆಂದರೆ 30 ಕೋಟಿ. ಉಳಿದದ್ದು ಇತರ ಇಲಾಖೆಗಳ ಯೋಜನೆಗಳಿಂದ ಬರಬೇಕಿತ್ತು. ಒಗ್ಗರಣೆ ನಾನು ಹಾಕುತ್ತೇನೆ, ಸಾರು ನೀನು ಮಾಡಿಕೋ ಎಂದ ಹಾಗೆ. ಕಲ್ಪನೆ ಒಳ್ಳೆಯದೇ. ಆದರೆ ಐದು ಇಲಾಖೆಯ ಎಂಜಿನಿಯರುಗಳನ್ನು ಒಂದೇ ದಿನ ಒಂದೇ ಮೇಜಿಗೆ ಕರೆತಂದವರಿಗೆ ಗೊತ್ತು, ಸಾರು ಮಾಡುವುದು ಎಷ್ಟು ಕಷ್ಟವೆಂದು.

ಹಾಗಾದರೆ ಚೀಟಿಯೇ ಇಲ್ಲದೆ ದುಡ್ಡು ಕೊಟ್ಟುಬಿಡಲಿ ಅನ್ನುತ್ತೀರಾ? ಜಪಾನಿನಲ್ಲಿ ಅದನ್ನೂ ಮಾಡಿ ನೋಡಿದರು. ಪ್ರಧಾನಿ ತಕೆಶಿತಾ ಕಾಲದಲ್ಲಿ, 1988-89ರ ಸುಮಾರಿಗೆ, ಊರು ಎಬ್ಬಿಸಿಕೊಳ್ಳಿ ಎಂದು ಸ್ಥಳೀಯ ಆಡಳಿತಗಳಿಗೆ ತಲಾ 10 ಕೋಟಿ ಯೆನ್ ಕೊಟ್ಟರು. ಅವಾಜಿ ದ್ವೀಪದ ತ್ಸುನ ಎಂಬ ಊರು ಸುಮಾರು 63 ಕೆ.ಜಿ. ತೂಕದ ಚಿನ್ನದ ಗಟ್ಟಿ ತಂದು ಜನ ಮುಟ್ಟಿ ನೋಡಲೆಂದು ಇಟ್ಟಿತು. ನಗುವ ಹಾಗಿಲ್ಲ, ನೋಡಲು ಪ್ರವಾಸಿಗರು ಬಂದರು. ನಾನಂತೂ ನಗಲಾರೆ. ಹಿಂದೊಂದು ಪಂಚಾಯಿತಿಯಲ್ಲಿದ್ದಾಗ ಕೈಯಲ್ಲಿದ್ದ ಮುಕ್ತ ಹಣವನ್ನೆಲ್ಲ ಊರಬಾಗಿಲ ಸ್ವಾಗತ ಕಮಾನಿಗೆ ಸುರಿದ ಫೈಲಿಗೆ ಸಹಿ ಹಾಕಿದವನು ನಾನೇ. ಸದಸ್ಯರ ಒತ್ತಡ ಇತ್ತು, ನಿಜ. ಬೇಡ ಎಂದು ಬರೆಯಲು ಪೆನ್ನೂ ಇತ್ತು. ಕಮಾನು ಇವತ್ತಿಗೂ ಗಟ್ಟಿಯಾಗಿದೆ. ಅದರ ಆಚೆ ಶುದ್ಧ ನೀರಿನ ಘಟಕಕ್ಕೆ ಬೀಗ, ಫಿಲ್ಟರ್ ಬದಲಿಸಲು ಆಗ ದುಡ್ಡಿರಲಿಲ್ಲ.

ಆ ಬೀಗ ನೆನಪಿದ್ದದ್ದರಿಂದಲೇ ಸಂತೆಮಾಳದ ಕೆಲಸ ಮುಗಿಯುವ ಮೊದಲೇ ಗುಡಿಸುವವರಿಗೆ ಯಾರು ಕೊಡುತ್ತಾರೆ, ಬಲ್ಬು ಹೋದರೆ ಯಾರು ಹಾಕುತ್ತಾರೆ ಎಂದು ಸಭೆಯಲ್ಲಿ ಕೇಳಿದೆ. ಅನುದಾನ ಕಟ್ಟಡ ಕಟ್ಟಿ ಹೊರಟುಹೋಗುತ್ತದೆ, ಗುಡಿಸಲು ಬರುವುದಿಲ್ಲ. ಸಂತೆ ಸುಂಕದ ಹರಾಜು ಮತ್ತೆ ಶುರು ಮಾಡುವುದೆಂದು ನಡಾವಳಿ ಬರೆದೆವು. ಆ ಹಣಕ್ಕೆ ಬೇರೆಯೇ ಲೆಕ್ಕದ ಪುಸ್ತಕ. ಗೋಣಿತಾಟಿನವರಿಗೆ ಸುಂಕ ಬೇಡ ಎಂದು ಅಧ್ಯಕ್ಷರು ಹಟ ಹಿಡಿದರು, ಹರಾಜು ಕೂಗಲು ಬಂದವರು ಗೊಣಗಿದರು, ಕೊನೆಗೆ ಒಪ್ಪಿದರು.

ನಿವೃತ್ತನಾದ ಮೇಲೆ ಒಂದು ಮಂಗಳವಾರ ಹೋಗಿದ್ದೆ. ಕಬ್ಬಿಣದ ಅಂಗಡಿ ತೆರೆದಿರಲಿಲ್ಲ. ಹೋಟೆಲು ಒಂದು ತೆರೆದಿತ್ತು, ಚೌಚೌ ಬಾತ್ ಅಷ್ಟಕ್ಕಷ್ಟೆ. ಮಾಳದ ಒಂದು ನಲ್ಲಿಯ ತಿರುವು ಕಿತ್ತು ಯಾರೋ ಚಿಂದಿ ಸುತ್ತಿದ್ದರು. ನೋಡುತ್ತ ನಿಂತಿದ್ದಾಗ ನೀರುಗಂಟಿ ಬಂದು ಜೇಬಿನಿಂದ ಹೊಸ ನಲ್ಲಿ ತೆಗೆದ. “ಸುಂಕದ ಬುಕ್ಕಿಗೆ ಬರ್ಸಿದೀನಿ ಸಾರ್,” ಅಂದ.