ಬೆಡಿ ಅಂದ್ರೆ ಕೋವಿಯೋ, ಸುಡುಮದ್ದೋ?

ಜನವರಿಯಲ್ಲಿ ನಮ್ಮ ಕಾಸರಗೋಡಿನ ಕುಂಬಳೆ ಕಡೆ ಯಾರಾದರೂ "ಬೆಡಿಗೆ ಬರ್ತೀರಾ?" ಎಂದರೆ ಗಾಬರಿ ಬೇಡ. ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಯ ಸುಡುಮದ್ದಿಗೆ ನಮ್ಮಲ್ಲಿ ಹೆಸರೇ ಕುಂಬಳೆ ಬೆಡಿ. ಆದರೆ ತೋಟದ ಹಂದಿ ಕಾಟದ ಮಾತಿನ ನಡುವೆ ಹಿರಿಯರು "ಒಂದು ಬೆಡಿ ಕೇಳಿತು" ಎಂದರೆ ಅಲ್ಲಿ ಕೋವಿ ಇದೆ. ತುಳುವಿನಲ್ಲಂತೂ ಕೋವಿಗೇ ಬೆಡಿ ಅನ್ನುತ್ತಾರೆ.

ಇದು ಗೊಂದಲ ಅಲ್ಲ. ಪದದ ಹೊಟ್ಟೆಯಲ್ಲಿರುವುದು ಸಿಡಿತ, ಢಂ ಎನ್ನುವ ಸದ್ದು. ಸದ್ದು ಯಾವುದರಿಂದ ಬಂತೋ ಅದಕ್ಕೂ ಅದೇ ಹೆಸರು ಅಂಟಿಕೊಂಡಿತು, ಅಷ್ಟೇ. ತಮಿಳು, ಮಲಯಾಳದಲ್ಲಿ ಇದು 'ವೆಡಿ'. ಅಲ್ಲಿನ ವಕಾರ ನಮ್ಮಲ್ಲಿ ಬಕಾರ ಆಗುತ್ತದೆ: ವೇರು–ಬೇರು, ವೆಳ್ಳಿ–ಬೆಳ್ಳಿ, ವಿಲ್ಲು–ಬಿಲ್ಲು. ಹಾಗಾಗಿ ಬೆಡಿಯನ್ನು ಕೆಟ್ಟ ಮಲಯಾಳ ಅಂತ ಸುಮ್ನೆ ತಳ್ಳಬೇಡಿ. ಇನ್ನೊಂದು ಸೊಗಸು ನೋಡಿ. ಮಲಯಾಳದಲ್ಲಿ ಕೋವಿಪುಡಿ 'ವೆಡಿಮರುನ್ನು'. ಮರುನ್ನು ಅಂದ್ರೆ ಔಷಧಿ. ನಮ್ಮ 'ಮದ್ದು' ಕೂಡ ಔಷಧಿಯೂ ಹೌದು, ಕೋವಿಪುಡಿಯೂ ಹೌದು, ಅಲ್ವಾ?

ಪರೀಕ್ಷೆ ತಯಾರಿಗೆ ಮಲಯಾಳ ದಿನಪತ್ರಿಕೆ ಓದುವವರು ಎಡವುವುದು ಜೋಡುಪದಗಳಲ್ಲಿ. 'ವೆಡಿವೆಚ್ಚು' ಅಂದ್ರೆ ಗುಂಡು ಹಾರಿಸಿದರು. ವೆಚ್ಚು ಎಂಬುದಕ್ಕೆ 'ಇಟ್ಟು' ಎಂಬ ಅರ್ಥ ಹಿಡಿದು ಹೊರಟರೆ ವಾಕ್ಯ ಕೆಟ್ಟಿತು. 'ವೆಡಿಯೇಟ್ಟು' ನಮ್ಮ ಗುಂಡೇಟು ತಗುಲಿತು. 'ವೆಡಿನಿರ್ತ್ತಲ್' ಕದನ ವಿರಾಮ. 'ಕದಿನಾವೆಡಿ'ಯಲ್ಲಿ ಕೋವಿಯೇ ಇಲ್ಲ; ದೇವಸ್ಥಾನದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುವುದು ಅದು. 'ವೆಡಿ ಪರಯುಕ' ಎಂದರೆ ಕೂತು ಹರಟೆ ಹೊಡೆಯುವುದು. ನಾವು ಒಂದೇ ಕಲ್ಲಿಗೆ ಎರಡು ಹಕ್ಕಿ ಅಂದರೆ ಅವರು ಒಂದು ವೆಡಿಗೆ ಎರಡು ಪಕ್ಷಿ ಅನ್ನುತ್ತಾರೆ. ಹೆಂಗಸರ ಬಗ್ಗೆ ಹೇಳುವಾಗ ಮಾತ್ರ 'ವೆಡಿ' ಬೈಗುಳ. ಅದನ್ನು ಬಾಯಿಗೆ ತರಲೇಬೇಡಿ.

ಇನ್ನು ಕನ್ನಡದಲ್ಲಿ ಬರೆಯುವಾಗ. ಒಮ್ಮೆ ನಾನು "ಬೆಡಿಯ ಸದ್ದಿಗೆ ಜನ ಓಡಿದರು" ಎಂದು ಬರೆದಿದ್ದೆ. ತಿದ್ದಿದವರು ಅದನ್ನು ಕೆಂಪು ಶಾಯಿಯಲ್ಲಿ 'ಬೇಡಿ' ಮಾಡಿ ಅಂಕ ಕಳೆದರು. ಬೇಡಿ ಅಂದ್ರೆ ಕೈಕೋಳ. ನನಗೆ ತುಂಬಾ ಬೇಸರವಾಯಿತು, ನಮ್ಮ ಮನೆಮಾತೇ ತಪ್ಪು ಅಂದ ಹಾಗೆ. ಈಗ ಪರೀಕ್ಷೆಯಲ್ಲಿ 'ಗುಂಡಿನ ಸದ್ದು' ಎಂದೇ ಬರೆಯುತ್ತೇನೆ. ಊರಿನವರ ಮಾತನ್ನು ಬರೆಯುವಾಗ ಮಾತ್ರ ಬೆಡಿಯನ್ನು ಬದಲಿಸುವುದಿಲ್ಲ.